ಬಟವಾಡಿಯಲ್ಲಿ ಇಳಿಯುತ್ತಿದ್ದ ಅಯ್ಯನವರು

ಅಯ್ಯನವರು ತೀರಿಕೊಂಡು ಇವತ್ತಿಗೆ ಇಪ್ಪತ್ತೆರಡು ದಿನ. ಮಣ್ಣು ಮಾಡುವ ದಿನ ಹೊಸ ಸಭಾಪಾಲಕರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಅವರನ್ನ ಹತ್ತಿರದಿಂದ ಬಲ್ಲವರು. ಎರಡು ಮಾತು ಹೇಳ್ತೀರಾ?" ಎಂದರು. ನಾನು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿಬಿಟ್ಟೆ. ಯಾರೂ ಒತ್ತಾಯ ಮಾಡಲಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ನನ್ನ ಬಾಯಿ ಎಡಕ್ಕೆ ಸೊಟ್ಟಗಾಗಿದೆ, ಮಾತು ತೊದಲುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಪಾಪ ಎಂದುಕೊಂಡು ಸುಮ್ಮನಾದರು. ಅವರ ಆ ಕನಿಕರದ ಹಿಂದೆ ನಾನು ಅವಿತುಕೊಂಡೆ. ನಿಜವಾದ ಕಾರಣ ನನ್ನ ಬಾಯಿ ಅಲ್ಲ.

ನಮ್ಮ ಕಡೆ ಕ್ರೈಸ್ತರು ಸಭಾಪಾಲಕರನ್ನು ಅಯ್ಯನವರು ಎನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮನವರು. ಗುಬ್ಬಿಯ ನಮ್ಮ ಸಣ್ಣ ಸಭೆಗೆ ನನ್ನ ಕಾಲದಲ್ಲೇ ಎಂಟೋ ಒಂಬತ್ತೋ ಅಯ್ಯನವರು ಬಂದು ಹೋದರು. ಒಬ್ಬರು ಹಾಡುಗಾರರು, ಒಬ್ಬರು ತೋಟಗಾರಿಕೆಯವರು, ಇನ್ನೊಬ್ಬರು ಪ್ರಸಂಗಕ್ಕೆ ನಿಂತರೆ ಮನೆಯಲ್ಲಿ ಸಾರು ಸೀದು ಹೋಗುವವರೆಗೆ ಬಿಡುತ್ತಿರಲಿಲ್ಲ. ಆದರೆ ಬರೀ 'ಅಯ್ಯನವರು' ಎಂದರೆ ನನಗೆ ನೆನಪಾಗುವುದು ಇವರೊಬ್ಬರೇ.

ಸಣಕಲು ದೇಹ, ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಛತ್ರಿ. ಮೊದಲ ಭಾನುವಾರ ಅವರು ಪೀಠದ ಹಿಂದೆ ನಿಂತು ಬಾಯಿ ತೆರೆದಾಗಲೇ ನಮಗೆ ಗೊತ್ತಾದದ್ದು, ಮೇಲಿನವರು ನಮಗೆ ಉಗ್ಗುವ ಅಯ್ಯನವರನ್ನು ಕಳಿಸಿದ್ದಾರೆ ಎಂದು. ಎಲ್ಲ ಮಾತಿಗೂ ಉಗ್ಗುತ್ತಿರಲಿಲ್ಲ. ಕಕಾರ ಬಂತೆಂದರೆ ಸಾಕು, ಗಂಟಲಿಗೆ ಚಿಲಕ ಬೀಳುತ್ತಿತ್ತು. ಕರ್ತ, ಕ್ರಿಸ್ತ, ಕೃಪೆ! ಈ ಕೆಲಸಕ್ಕೆ ಬರುವ ಮೊದಲು ಮನುಷ್ಯ ಅಕ್ಷರಮಾಲೆಯನ್ನಾದರೂ ಒಮ್ಮೆ ನೋಡಿಕೊಳ್ಳಬೇಡವೇ ಎಂದು ನಾನು ಆವತ್ತು ಹೆಂಡತಿಯ ಹತ್ತಿರ ನಗೆಯಾಡಿದೆ. ಅವಳು ನಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವನು. ನಮ್ಮ ಸುತ್ತಿನ ಮಕ್ಕಳು ಹಾಲಿಗೆ ಆಲು ಅನ್ನುತ್ತವೆ, ಹಬ್ಬಕ್ಕೆ ಅಬ್ಬ. ಅದನ್ನು ತಿದ್ದುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಸಭೆಯಲ್ಲಿ ಬೈಬಲ್ ವಾಕ್ಯ ಓದುವ ಸರದಿ ನನ್ನದಾದರೆ ಕೊನೆಯ ಬೆಂಚಿನಲ್ಲಿ ಕೂತವರಿಗೂ ಒಂದೊಂದು ಒತ್ತಕ್ಷರ ಬಿಡಿಬಿಡಿಯಾಗಿ ಕೇಳಬೇಕು. ಅದರ ಮೇಲೆ ನಾನು ಸಭೆಯ ಕಾರ್ಯದರ್ಶಿ ಬೇರೆ. ಜಂಬಕ್ಕೆ ಇಷ್ಟು ಸಾಕಲ್ಲವೇ?

ಕರ್ತ, ಕ್ರಿಸ್ತ ಎನ್ನುವುದನ್ನು ಅವರು ಹೇಗೋ ದಾಟಿಸಿಕೊಳ್ಳುತ್ತಿದ್ದರು. ಕೃಪೆಯ ಹತ್ತಿರ ಬಂದು ನಿಂತೇಬಿಡುತ್ತಿದ್ದರು. ಆರಾಧನೆಯ ಕೊನೆಗೆ ಅಯ್ಯನವರು ಎರಡೂ ಕೈ ಎತ್ತಿ ಆಶೀರ್ವಾದ ಹೇಳುವುದು ಪದ್ಧತಿ. ಕ್ರಿಸ್ತನ ಕೃಪೆಯೂ ದೇವರ ಪ್ರೀತಿಯೂ ಎಂದು ಅದರಲ್ಲಿ ಕೃಪೆಯೇ ಮೊದಲು ಬರುವುದು. ಅದಾಗದೆ ಯಾರೂ ಮನೆಗೆ ಹೊರಡುವ ಹಾಗಿಲ್ಲ. ಅವರ ಕೈ ಮೇಲೆ ಎತ್ತಿರುತ್ತಿತ್ತು, ತುಟಿ ಅದುರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ನಾವೆಲ್ಲ ತಲೆ ತಗ್ಗಿಸಿಕೊಂಡು ನಿಂತಿರುತ್ತಿದ್ದೆವು. ಹುಡುಗರು ಬೆರಳು ಮಡಚಿ ಎಣಿಸುತ್ತಿದ್ದರು, ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮುಂದಿನ ಸಾಲಿನ ರೂತಮ್ಮ ಎಂಬ ಮುದುಕಿ ಆ ಹೊತ್ತಿನಲ್ಲಿ ತನ್ನ ಮೊಮ್ಮಕ್ಕಳಿಗೆಲ್ಲ ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡಿ ಮುಗಿಸುತ್ತಿದ್ದಳು. ಅಮ್ಮನವರು ಮಾತ್ರ ತಲೆ ತಗ್ಗಿಸುತ್ತಿರಲಿಲ್ಲ. ಒಲೆಯ ಮೇಲಿಟ್ಟ ಅನ್ನ ಬೇಯುವುದನ್ನು ಕಾಯುವವರ ಹಾಗೆ ಗಂಡನ ಮುಖವನ್ನೇ ನೋಡುತ್ತ, ಒಂದಿಷ್ಟೂ ಅವಸರವಿಲ್ಲದೆ ನಿಂತಿರುತ್ತಿದ್ದರು. ಕಡೆಗೆ ಆ ಪದ ಹೊರಗೆ ಬರುತ್ತಿತ್ತು. ಬಂದಾಗ ಅವರ ಮುಖದಲ್ಲಿ ಒಂದು ಆಶ್ಚರ್ಯ ಇರುತ್ತಿತ್ತು, ಅದನ್ನು ಅವರೂ ಅದೇ ಮೊದಲ ಸಲ ಕೇಳುತ್ತಿದ್ದಾರೆ ಅನ್ನುವಂತೆ.

ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಅವರು ತಡವರಿಸುತ್ತಿರುವಾಗ ನನ್ನ ಜಾಗದಿಂದಲೇ, "ಕೃಪೆಯೂ" ಎಂದು ಸ್ಪಷ್ಟವಾಗಿ ಎತ್ತಿಕೊಟ್ಟೆ, ಬಾಯಿಪಾಠದ ಸ್ಪರ್ಧೆಯಲ್ಲಿ ಮಗುವಿಗೆ ಸಾಲು ಎತ್ತಿಕೊಡುವ ಹಾಗೆ. ಅವರು ಅಲ್ಲಿಂದ ಮುಂದುವರಿಸಿದರು. ಎಲ್ಲರೂ ಹೊರಟುಹೋದ ಮೇಲೆ ನನ್ನ ಹತ್ತಿರ ಬಂದರು.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ಅದನ್ನ ಎತ್‌ಕೊಡ್ಬೇಡಿ."

"ಸಹಾಯ ಆಗ್ಲಿ ಅಂತ ಮಾಡ್ದೆ ಅಯ್ಯನವ್ರೇ. ಅಷ್ಟು ಕಷ್ಟ ಯಾಕೆ? ದಯೆ ಅಂತ ಅಂದ್ಬಿಡಿ. ಅರ್ಥ ಹೆಚ್ಚು ಕಮ್ಮಿ ಒಂದೇ."

ಅವರು ಬಲಗೈ ಹೆಬ್ಬೆರಳನ್ನು ತೊಡೆಯ ಮೇಲೆ ಮೆಲ್ಲಗೆ ಬಡಿಯತೊಡಗಿದರು. ಮಾತು ಸಿಕ್ಕಿಕೊಂಡಾಗ ಅವರು ಮಾಡುತ್ತಿದ್ದುದೇ ಅದು. ತಡೆತಡೆದು ಬಂದ ಅವರ ಮಾತನ್ನು ನಾನಿಲ್ಲಿ ತಡವರಿಕೆ ಬಿಟ್ಟು ಬರೆಯುತ್ತಿದ್ದೇನೆ.

"ದಯೆ ನನ್ ಬಾಯಿಗೆ ಸಲೀಸಾಗಿ ಬರುತ್ತೆ. ಅದಕ್ಕೇ ಬೇಡ. ಇದೊಂದ್ ಪದ ನನ್ ಕೈಲಿಲ್ಲ ಅಂತ ಪ್ರತಿ ವಾರ ಗೊತ್ತಾಗುತ್ತೆ. ಸುಲಭವಾಗಿ ಬಂದ್ಬಿಟ್ರೆ ನಂದೇ ಅನ್ಕೊಂಡ್ಬಿಡ್ತೀನಿ ಮೇಷ್ಟ್ರೇ. ಕಾದ್ರೆ ಕೊಡ್ತಾನೆ. ಇವತ್ತಿನ್‌ವರ್ಗೂ ಕೊಡ್ದೆ ಕಳಿಸಿಲ್ಲ."

ನನಗೆ ಅದು ಮೊಂಡುತನ ಎನ್ನಿಸಿತು. ತನ್ನ ಊನವನ್ನು ದೇವರ ತಲೆಗೆ ಕಟ್ಟುವುದು ಎನ್ನಿಸಿತು. ನಕ್ಕು, ಹಾಡಿನ ಪುಸ್ತಕಗಳನ್ನು ಜೋಡಿಸತೊಡಗಿದೆ.

ಆ ಪದದ ವಿಷಯದಲ್ಲಿ ಮಾತ್ರ ಈ ಹಟ. ಉಳಿದ ಕಡೆಯೆಲ್ಲ ಅವರೂ ನಮ್ಮ ಹಾಗೆ ನುಣುಚಿಕೊಳ್ಳುತ್ತಿದ್ದರು. ಕಾಫಿ ಎಂದರೆ ಅವರಿಗೆ ಪ್ರಾಣ, ಆದರೆ ಹೋಟೆಲಿನಲ್ಲಿ ಆ ಪದ ಹೇಳಲಾರದೆ ಜೀವಮಾನವೆಲ್ಲ ಟೀ ಕುಡಿದರು. ತುಮಕೂರಿನಿಂದ ಕ್ಯಾತ್ಸಂದ್ರಕ್ಕೆ ಹೋಗಬೇಕಾದರೆ ಕಂಡಕ್ಟರಿಗೆ "ಬಟವಾಡಿ" ಎಂದು ಹೇಳಿ, ಅಲ್ಲಿ ಇಳಿದು, ಹೆದ್ದಾರಿಯ ಪಕ್ಕದಲ್ಲಿ ಛತ್ರಿ ಹಿಡಿದು ಉಳಿದ ದಾರಿ ನಡೆಯುತ್ತಿದ್ದರು. ಕ್ಯಾತ್ಸಂದ್ರದಲ್ಲಿ ಅಮ್ಮನವರ ತವರು ಮನೆ. ಮಾವನ ಮನೆಗೆ ಬೆವರು ಸುರಿಸಿಕೊಂಡು ಬರುವ ಅಳಿಯ ಎಂದು ಅಲ್ಲಿಯವರು ಹಾಸ್ಯ ಮಾಡುತ್ತಿದ್ದರಂತೆ. ಇದನ್ನು ಅವರೇ ನನಗೆ ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. "ನೋಡಿ ಮೇಷ್ಟ್ರೇ, ನಾನೆಂಥ ಪುಕ್ಕಲ! ಸಭೇಲಿ ನಿಂತು ಕಾಯ್ತೀನಿ. ಬಸ್ಸಲ್ಲಿ ಕಾಯಕ್ಕೆ ಧೈರ್ಯ ಇಲ್ಲ."

ಹರೆಯದಲ್ಲಿ ಅವರು ಉಗ್ಗು ಹೋಗಲಿ ಎಂದು ತುಂಬ ಬೇಡಿಕೊಂಡಿದ್ದರಂತೆ. ಬೆಂಗಳೂರಿನ ಯಾವುದೋ ಮೈದಾನದಲ್ಲಿ, ಪ್ರಾರ್ಥನೆಯಿಂದ ರೋಗ ಗುಣಪಡಿಸುವ ಸ್ವಸ್ಥತೆಯ ಕೂಟಕ್ಕೆ ಹೋಗಿ ವೇದಿಕೆಯನ್ನೂ ಹತ್ತಿದ್ದರು. ತಲೆಯ ಮೇಲೆ ಕೈಯಿಟ್ಟ ಬೋಧಕರು ಮೈಕು ಮುಂದೆ ಹಿಡಿದು, "ಮಾತಾಡು!" ಎಂದು ಕೂಗಿದರು. ಬಾಯಿಂದ ಗಾಳಿ ಮಾತ್ರ ಬಂತು. ನಂಬಿಕೆ ಸಾಲದು ಎಂದು ಹೇಳಿ ಕೆಳಗೆ ಇಳಿಸಿದರು.

"ವಾಪಸ್ ಬರೋವಾಗ ದೇವ್ರ ಮೇಲೆ ಬಾಳ ಕೋಪ ಬಂದಿತ್ತು," ಎಂದರು ನನಗೆ. "ಆಮೇಲೆ ಪ್ರಾರ್ಥನೆ ಬದಲಾಯಿಸ್ದೆ. ತೆಗಿ ಅನ್ನೋದು ಬಿಟ್ಟೆ. ಜೊತೇಲಿರು ಅಂದೆ."

ಈ ಮಾತು ಕೇಳಿದಾಗಲೂ ನನ್ನ ಮನಸ್ಸು ಕರಗಲಿಲ್ಲ. ಆದರೆ ಊರಿನಲ್ಲಿ ಬೇರೆಯವರ ಮನಸ್ಸು ಕರಗುತ್ತಿತ್ತು. ಜಯಶೀಲ ಎಂಬ ಮೆಕಾನಿಕ್ ಒಬ್ಬನಿದ್ದ. ಕುಡಿತ ಬಿಟ್ಟೆ ಎಂದು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದ್ದ, ನಾವೆಲ್ಲ ದೇವರಿಗೆ ಸ್ತೋತ್ರ ಎಂದಿದ್ದೆವು. ನಾಲ್ಕು ತಿಂಗಳಿಗೆ ಮತ್ತೆ ಶುರುವಾಯಿತು. ನಾಚಿಕೆಯಿಂದ ಸಭೆಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಅಯ್ಯನವರು ಅವನನ್ನು ಹುಡುಕಿಕೊಂಡು ಗ್ಯಾರೇಜಿಗೆ ಹೋದರು. ಅಲ್ಲೇನಾಯಿತು ಎಂದು ಜಯಶೀಲನೇ ನನಗೆ ಹೇಳಿದ.

"ಬುದ್ಧಿ ಹೇಳಕ್ಕೆ ಅಂತ ಬಾಯಿ ತೆಗೆದ್ರು ಸಾ. ಮಾತು ಬರ್ಲಿಲ್ಲ. ಒದ್ದಾಡ್ತಾ ಅವ್ರೆ, ಒದ್ದಾಡ್ತಾ ಅವ್ರೆ. ನಂಗೇ ತಡಿಯಕ್ಕಾಗ್ದೆ ಅತ್ಬುಟ್ಟೆ. ಆಮೇಲೆ ಏನಂದ್ರು ಗೊತ್ತಾ? ಗೆದ್ದೋರು ಮಾತ್ರ ಬರ್ಬೇಕು ಅಂದ್ರೆ ನಾನೂ ಮನೇಲೇ ಇರ್ಬೇಕಾಯ್ತದೆ, ಬಾ ಹೋಗನ ಅಂದ್ರು."

ಜಯಶೀಲ ಪೂರ್ತಿ ಬಿಟ್ಟುಬಿಟ್ಟ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಬಿಡುತ್ತಿದ್ದ, ಬೀಳುತ್ತಿದ್ದ. ಬಿದ್ದ ವಾರ ಕೂಡ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಅಷ್ಟೆ. ಆಶೀರ್ವಾದದ ಹೊತ್ತಿಗೆ ಅವನೂ ತಲೆ ಎತ್ತಿ ಅಯ್ಯನವರ ಮುಖವನ್ನೇ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈಗ ನನ್ನ ವಿಷಯಕ್ಕೆ ಬರಬೇಕು.

ನನ್ನ ಮಗಳು ಪ್ರಿಯಾಳಿಗೆ ಮೈಸೂರಿನ ಕಡೆಯ ಸಂಬಂಧ ಕುದುರಿತು. ಓದಿದವರ, ಹೆಸರಿನವರ ಮನೆ. ಬೀಗರಾಗುವವರು ಒಂದು ಭಾನುವಾರ ನಮ್ಮ ಸಭೆಗೆ ಬಂದಿದ್ದರು. ಆವತ್ತು ಅಯ್ಯನವರಿಗೆ ಎಂದೂ ಇಲ್ಲದಷ್ಟು ಹೊತ್ತು ಹಿಡಿಯಿತು. ಬೀಗರು ಒಮ್ಮೆ ಗಡಿಯಾರ ನೋಡಿಕೊಂಡರು. ಹೊರಗೆ ಬಂದು, "ಮದುವೆ ಇವರೇ ಮಾಡಿಸೋದಾ?" ಎಂದು ಕೇಳಿದರು, ಅಷ್ಟೇ. ಅವರ ಧ್ವನಿಯಲ್ಲಿ ಕುಹಕವೇನೂ ಇರಲಿಲ್ಲ. ಆದರೆ ನಾನು ನಾಚಿಕೆಯಿಂದ ಕುಗ್ಗಿಹೋದೆ. ಮೂವತ್ತೊಂದು ವರ್ಷ ಉಚ್ಚಾರಣೆ ಕಲಿಸಿದವನ ಮಗಳ ಮದುವೆಯಲ್ಲಿ ಆ ತಡವರಿಕೆಯೇ ಎನ್ನಿಸಿತು.

ಬೇರೆ ಅಯ್ಯನವರು ಬೇಕು ಎಂದು ಅವರನ್ನೇ ನೇರವಾಗಿ ಕೇಳಿದ್ದರೆ ಒಪ್ಪಿಬಿಡುತ್ತಿದ್ದರು. ಕೇಳಲು ನನಗೆ ಮುಖವಿರಲಿಲ್ಲ. ಅದರ ಬದಲು ಒಂದು ಕಾಗದ ಬರೆದೆ, ಮೇಲಿನವರಿಗೆ. 'ಸಭೆಯ ಹಿತದೃಷ್ಟಿಯಿಂದ' ಎಂದು ಶುರುಮಾಡಿದೆ. 'ಆರಾಧನೆಯ ಗಾಂಭೀರ್ಯಕ್ಕೆ ಕುಂದು', 'ಯುವಜನರಲ್ಲಿ ನಗೆಪಾಟಲು', 'ಪೂಜ್ಯರ ಆರೋಗ್ಯವನ್ನೂ ಗಮನದಲ್ಲಿರಿಸಿಕೊಂಡು' ಎಂದೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರೆದೆ. ಏಳು ಮನೆಯವರ ಕೈಲಿ ಸಹಿ ಹಾಕಿಸಿದೆ. ನಾನು ಮಾತ್ರ ಹಾಕಲಿಲ್ಲ. ಕಾರ್ಯದರ್ಶಿ ಯಾರ ಪಕ್ಷವನ್ನೂ ವಹಿಸಬಾರದಲ್ಲ! ರೂತಮ್ಮ ಒಬ್ಬಳೇ ಪೆನ್ನು ಮುಟ್ಟಲಿಲ್ಲ. "ನಂಗೆ ಕಿವಿ ಕೇಳ್ಸಲ್ಲ ಕಣಪ್ಪ. ನಂಗೆ ಅವ್ರು ಚೆನ್ನಾಗೇ ಮಾತಾಡ್ತಾರೆ," ಎಂದಳು.

ಮೂರು ತಿಂಗಳಲ್ಲಿ ವರ್ಗವಾಯಿತು. ಎಲ್ಲಿಗೆ? ಕುಣಿಗಲ್ಲಿಗೆ. ಮೇಲಿನವರಿಗೆ ಅದು ಖಾಲಿ ಇದ್ದ ಒಂದು ಜಾಗ ಅಷ್ಟೆ. ಇವರಿಗೋ, ಹೋಗಬೇಕಾದ ಊರಿನ ಹೆಸರೇ ಬಾಯಿಗೆ ಬರುವುದಿಲ್ಲ. ಸಾಮಾನು ಕಟ್ಟಲು ನಾನೇ ಹೋಗಿದ್ದೆ, ನೋಡಿ ನನ್ನ ಧೈರ್ಯ. ಅಮ್ಮನವರು ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದರು. "ಬಸ್ಸಲ್ಲಿ ಏನಂತ ಹೇಳ್ತೀರಿ?" ಎಂದು ಗಂಡನನ್ನು ಕೇಳಿದರು.

"ಹೆಬ್ಬೂರು ದಾಟಿ, ಲಾಸ್ಟ್ ಸ್ಟಾಪು ಅಂತೀನಿ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನನ್ನನ್ನು ಕುಟುಕುತ್ತದೆ.

ಪ್ರಿಯಾಳ ಮದುವೆಗೆ ಹೊಸ ಅಯ್ಯನವರು ಬಂದಿದ್ದರು. ಒಳ್ಳೆಯ ಕಂಠ. ಆಶೀರ್ವಾದವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಆ ಕ್ಷಣ ನನಗೆ ನೆನಪೇ ಇಲ್ಲ, ಅಷ್ಟು ಸಲೀಸಾಗಿ ಹೋಯಿತು. ನೆನಪಿರುವುದು ಮೂರನೆಯ ಸಾಲಿನಲ್ಲಿ, ಮಡಿಲಲ್ಲಿ ಛತ್ರಿ ಇಟ್ಟುಕೊಂಡು ಕೂತಿದ್ದ ನಮ್ಮ ಅಯ್ಯನವರು. ಕುಣಿಗಲ್ಲಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಗಂಡನ ಮನೆಗೆ ಹೊರಡುವಾಗ ಪ್ರಿಯಾ ನನ್ನ ಕಿವಿಯಲ್ಲಿ, "ಅಯ್ಯನವ್ರೇ ಹೇಳ್ಬೇಕಿತ್ತು ಕಣಪ್ಪ," ಎಂದಳು. ನಾನು ಕೇಳಿಸದವನಂತೆ ಹೂವಿನ ಹಾರ ಸರಿಮಾಡಿದೆ.

ವರ್ಷಗಳು ಕಳೆದವು. ಅವರು ನಿವೃತ್ತರಾಗಿ ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ ಹಿಡಿದರು ಎಂದು ಕೇಳಿದ್ದೆ. ಹೋಗಿ ನೋಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಹಾಗೇ ಕುಸಿದೆ. ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಕಾಲು ಸರಿಹೋಯಿತು, ಕೈ ಸರಿಹೋಯಿತು, ನಾಲಗೆ ಮಾತ್ರ ಸರಿಹೋಗಲಿಲ್ಲ. ಅದರಲ್ಲೂ ಕ, ಖ, ಗ, ಘ. ಇವು ಕಂಠದಿಂದ ಹೊರಡುವ ಅಕ್ಷರಗಳು ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿಕೊಟ್ಟಿದ್ದೆನೋ! ನನ್ನ ಕಂಠದಿಂದ ಅವು ಹೊರಡುವುದನ್ನೇ ನಿಲ್ಲಿಸಿದವು. ಗುಬ್ಬಿ ಎನ್ನಲು ಹೋದರೆ ಉಬ್ಬಿ ಎಂದಾಯಿತು. ಆಲು, ಅಬ್ಬ ಎನ್ನುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನ ಗತಿ ಹೀಗಾಯಿತು. ನಾನು ಸಭೆಗೆ ಹೋಗುವುದನ್ನು ಬಿಟ್ಟೆ. ಮನೆಗೆ ಬಂದವರ ಮುಂದೆ ನಿದ್ದೆ ಬಂದವನಂತೆ ಮಲಗುತ್ತಿದ್ದೆ.

ಅಯ್ಯನವರು ಬಂದ ದಿನವೂ ಕಣ್ಣು ಮುಚ್ಚಿ ಮಲಗಿದ್ದೆ. ಅವರು ಮಾತಾಡಿಸಲೂ ಇಲ್ಲ, ಏಳಲೂ ಇಲ್ಲ. ಪಕ್ಕದಲ್ಲಿ ಕೂತೇ ಇದ್ದರು. ಕಾಯುವುದರಲ್ಲಿ ಅವರನ್ನು ಗೆಲ್ಲುವವರುಂಟೇ? ಕೊನೆಗೆ ನಾನೇ ಕಣ್ಣು ಬಿಟ್ಟೆ.

"ಹೇಗಿದೀರಿ ಮೇಷ್ಟ್ರೇ?"

ನಾನು ಬಾಯಿ ತೋರಿಸಿ ಕೈ ಆಡಿಸಿದೆ, ಮುಗಿಯಿತು ಎನ್ನುವ ಹಾಗೆ. ಅವರು ಹೆಬ್ಬೆರಳನ್ನು ತೊಡೆಯ ಮೇಲೆ ಬಡಿಯತೊಡಗಿದರು. ಆಮೇಲೆ ಹೇಳಿದರು, "ಆ ಕಾಗದ ಮೇಲಿನೋರು ನಂಗೂ ಆಗ್ಲೇ ತೋರಿಸಿದ್ರು ಮೇಷ್ಟ್ರೇ. ಒಂದೇ ಒಂದು ತಪ್ಪಿರ್ಲಿಲ್ಲ. ಗುಬ್ಬಿಲಿ ಅಷ್ಟು ಚೆನ್ನಾಗಿ ಇನ್ಯಾರು ಬರೀತಾರೆ?"

ಅವರ ಮುಖದಲ್ಲಿ ಕೋಪ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಾಗಾದರೆ ಸಾಮಾನು ಕಟ್ಟಿದ ದಿನವೂ ಅವರಿಗೆ ಗೊತ್ತಿತ್ತು. ಮದುವೆಯಲ್ಲಿ ಮೂರನೆಯ ಸಾಲಿನಲ್ಲಿ ಕೂತಾಗಲೂ ಗೊತ್ತಿತ್ತು. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದೆ. ಆ ಪದ ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದು ಆಗಲೇ ನನಗೆ ಹೊಳೆದದ್ದು. ಎಷ್ಟು ಒದ್ದಾಡಿದರೂ ಹೊರಗೆ ಬರಲಿಲ್ಲ. ಜೊಲ್ಲು ಇಳಿಯಿತು. ಅವರು ಎತ್ತಿಕೊಡಲಿಲ್ಲ, ಇರಲಿ ಬಿಡಿ ಎನ್ನಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ ಕಾದರು. ನನ್ನ ಹೆಂಡತಿ ತಂದಿಟ್ಟ ಕಾಫಿ ಆರಿಹೋಯಿತು. ಅಂಥ ಕಾಫಿಪ್ರಿಯರು ಲೋಟದ ಕಡೆ ತಿರುಗಿ ನೋಡಲಿಲ್ಲ.

ನಾನು ಸೋತು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ನಾಚಿಕೆಯಿಂದ. ಅವರು ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಶುರುಮಾಡಿದರು. ಎಂದಿನ ಜಾಗದಲ್ಲಿ ನಿಂತಿತು. ಆ ಸಲ ನಾನು ಎಣಿಸಲಿಲ್ಲ, ತಿರುಗಿ ಅವರ ಮುಖವನ್ನೇ ನೋಡಿದೆ. ಆ ಪದ ಬರಲಪ್ಪಾ ಎಂದು ಬೇಡಿಕೊಂಡೆ. ನನಗೆ ಅದು ಅಷ್ಟು ಬೇಕಾಗಿತ್ತು. ಬಂತು. "ಇನ್ನೊಂದ್ಸಲ ಬರ್ತೀನಿ ಮೇಷ್ಟ್ರೇ, ಅವಸರ ಇಲ್ಲ," ಎಂದು ಛತ್ರಿ ಎತ್ತಿಕೊಂಡು ಹೋದರು.

ಇನ್ನೊಂದು ಸಲ ಅವರು ಬರಲಿಲ್ಲ. ಸೊಂಟದ ಮೂಳೆ ಮುರಿದು ಮಂಚ ಹಿಡಿದರು. ನಾನು ಹೋಗಬಹುದಿತ್ತು. ಬಾಯಿ ಸ್ವಲ್ಪ ಸುಧಾರಿಸಲಿ, ಆ ಒಂದು ಪದವಾದರೂ ಸರಿಯಾಗಿ ಬರಲಿ, ಆಮೇಲೆ ಹೋಗೋಣ ಎಂದು ದಿನ ತಳ್ಳಿದೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ಪೂರ್ತಿ ಸರಿಯಾದ ಮೇಲೆ ಅವರ ಮುಂದೆ ನಿಲ್ಲಬೇಕು ಎನ್ನುವ ಜಂಬ ಲಕ್ವ ಹೊಡೆದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು.

ಮೊನ್ನೆ ಅಮ್ಮನವರನ್ನು ನೋಡಲು ಕ್ಯಾತ್ಸಂದ್ರಕ್ಕೆ ಹೊರಟೆ. ಕಾಗದ ಬರೆದು ಕಳಿಸಬಹುದಿತ್ತು. ಬರೆಯುವುದು ನನಗೆ ಸುಲಭ, ಆದರೆ ಅಷ್ಟೆಲ್ಲ ಮಾಡಿದ್ದು ಒಂದು ಕಾಗದವೇ ಅಲ್ಲವೇ? ಊರಿನ ಹೆಸರು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಹೆಂಡತಿ ಹೇಳಿದಳು. ಬೇಡ ಎಂದೆ. ತುಮಕೂರಿನಲ್ಲಿ ಸಿಟಿ ಬಸ್ಸು ಹತ್ತಿದೆ. ಕಂಡಕ್ಟರ್ ಬಂದು, "ಎಲ್ಲಿಗೆ ಯಜಮಾನ್ರೇ?" ಎಂದ. ಬಾಯಿ ತೆರೆದೆ. ಗಂಟಲು ಮುಚ್ಚಿಕೊಂಡಿತು. ಹಿಂದಿನ ಸೀಟಿನವರು ಬಗ್ಗಿ ನೋಡಿದರು. "ಬೇಗ ಹೇಳಿ ಸಾರ್, ಸ್ಟಾಪ್ ಬಂತು," ಎಂದ.

"ಬಟವಾಡಿ," ಎಂದುಬಿಟ್ಟೆ.

ಬಟವಾಡಿಯಲ್ಲಿ ಇಳಿದು ನಡೆದೆ. ಅಂಗಡಿ ಸಾಲು ಮುಗಿದ ಮೇಲೆ ನೆರಳಿಲ್ಲ. ಲಾರಿಗಳು ಧೂಳು ಎಬ್ಬಿಸಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದವು. ಅವರು ಛತ್ರಿಯನ್ನು ಯಾಕೆ ಬಿಡುತ್ತಿರಲಿಲ್ಲ ಎನ್ನುವುದು ಆಗ ಗೊತ್ತಾಯಿತು. ಎರಡು ಸಲ ಕೂತು ಸುಧಾರಿಸಿಕೊಂಡೆ. ಅಮ್ಮನವರ ಬಾಗಿಲು ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅವರು ಬಾಗಿಲು ತೆರೆದು ನನ್ನ ಬೆವರನ್ನೂ ಕಾಲಿನ ಧೂಳನ್ನೂ ನೋಡಿದರು. "ಬಟವಾಡಿಲಿ ಇಳಿದ್ರಾ?" ಎಂದರು. ತಲೆಯಾಡಿಸಿದೆ. ಅವರ ಕಣ್ಣು ತುಂಬಿಕೊಂಡಿತು. ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ಗೋಡೆಯ ಮೊಳೆಯಲ್ಲಿ ಛತ್ರಿ ನೇತಾಡುತ್ತಿತ್ತು.

ಲೋಟ ಕೆಳಗಿಟ್ಟೆ. ಕಾಗದ ಬರೆದವನು ನಾನು, ಕ್ಷಮಿಸಿ ಎನ್ನಬೇಕು. ಎರಡೂ ಕಕಾರವೇ. ಬಾಯಿ ತೆರೆದೆ. ಏನೂ ಬರಲಿಲ್ಲ. ಬಲಗೈ ಹೆಬ್ಬೆರಳು ತಾನಾಗಿ ತೊಡೆಯ ಮೇಲೆ ಬಡಿಯತೊಡಗಿತು. ಎದ್ದು ಹೋಗಿಬಿಡೋಣ ಎನ್ನಿಸಿತು.

ಅಮ್ಮನವರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ಮಡಿಲಲ್ಲಿ ಕೈ ಜೋಡಿಸಿಕೊಂಡು ನನ್ನ ಮುಖವನ್ನೇ ನೋಡತೊಡಗಿದರು, ಅನ್ನ ಬೇಯುವುದನ್ನು ಕಾಯುವವರ ಹಾಗೆ.

"ಹೇಳಿ ಮೇಷ್ಟ್ರೇ," ಎಂದರು. "ನಂಗೆ ಕಾದು ಅಭ್ಯಾಸ ಇದೆ."